ಮನೆ ಮಾರುವ ಮುನ್ನ ಪರೀಕ್ಷೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಐವತ್ತು ವರ್ಷದ ಮನೆ. ಮಾರಬೇಕೆಂದಿದ್ದೇವೆ. ಪೈಂಟ್ ಹೊಡೆಸಿದರೆ ಸಾಕೆನ್ನುತ್ತಾರೆ ಮನೆಯವರು. ಪರೀಕ್ಷೆ ಮಾಡಿಸಬೇಕೇ? ಯಾವಾಗ?
– ಬದಿಯಡ್ಕದ ಓದುಗರು

ಉತ್ತರ: ಪೈಂಟ್ ಕೊನೆಗಿರಲಿ. ಪರೀಕ್ಷೆ ಖಂಡಿತ ಮಾಡಿಸಿ, ಅದೂ ಮಳೆಗಾಲದಲ್ಲಿ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮ ಕಾಸರಗೋಡು. ಏಪ್ರಿಲಿನಲ್ಲಿ ಒಣಗಿದ ಗೋಡೆ ನೋಡಿ ಒಪ್ಪಿಕೊಂಡವರು ಜಡಿಮಳೆಯ ಆಟಿ ತಿಂಗಳಲ್ಲಿ ತಕರಾರು ತೆಗೆಯುತ್ತಾರೆ.

ಮೊದಲು ಅಟ್ಟಕ್ಕೆ ಹತ್ತಿ, ಜೋರು ಮಳೆ ಬರುತ್ತಿರುವಾಗಲೇ, ಟಾರ್ಚ್ ಹಿಡಿದು. ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಹಂಚು ಒಡೆದಿದೆ ಎಂದುಕೊಳ್ಳಬೇಡಿ. ನೀರು ಪಕ್ಕಾಸು (ಹಂಚನ್ನು ಹೊರುವ ಓರೆ ಮರ) ಹಿಡಿದು ಕೆಳಗಿಳಿದು ಎಲ್ಲೋ ಬೀಳುತ್ತದೆ. ಒದ್ದೆಯ ಜಾಡು ಹಿಡಿದು ಮೇಲಕ್ಕೆ ಹೋಗಿ, ಸಿಕ್ಕಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಎರಡು ಮಾಡು ಕೂಡುವ ಮೂಲೆಯ ತಗಡನ್ನು ಮರೆಯದೆ ನೋಡಿ. ಅಲ್ಲಿ ತರಗೆಲೆ ತುಂಬಿ ನೀರು ಪಕ್ಕಕ್ಕೆ ಉಕ್ಕುವುದೇ ಹೆಚ್ಚು.

ಪಕ್ಕಾಸು ಕೆಡುವುದು ನಡುವಿನಲ್ಲಲ್ಲ, ಸೂರಿನ ತುದಿಯಲ್ಲಿ ಮತ್ತು ಗೋಡೆಯ ಮೇಲೆ ಕೂರುವಲ್ಲಿ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗಟ್ಟಿ ಮರ ತುದಿಯನ್ನು ಒಳಗೆ ಬಿಡುವುದಿಲ್ಲ. ಬೆರಳ ಬಲಕ್ಕೇ ಒಂದು ಸೆಂಟಿಮೀಟರ್ ಇಳಿದರೆ ಆ ಭಾಗ ಹೋಗಿದೆ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಅದು ಒರಲೆಯ (ಗೆದ್ದಲಿನ) ದಾರಿ. ಒಂದು ಗೇಣು ಒಡೆದು ಬಿಡಿ. ನಾಲ್ಕೈದು ದಿನದಲ್ಲಿ ಮತ್ತೆ ಮೆತ್ತಿಕೊಂಡಿದ್ದರೆ ಒರಲೆ ಇನ್ನೂ ಜೀವಂತ ಇದೆ, ಮರ ಬದಲಿಸುವ ಮೊದಲು ಮದ್ದು ಹಾಕಿಸಬೇಕು.

ಗೋಡೆಯ ಬುಡದಲ್ಲಿ ಎರಡು ಮೂರು ಅಡಿ ಎತ್ತರಕ್ಕೆ ಬಿಳಿ ಉಪ್ಪು ಬಂದು ಗಾರೆ ಉದುರುತ್ತಿದೆಯೇ? ಮುರಕಲ್ಲು ನೀರು ಹೀರುವ ಕಲ್ಲು. ಅಂಗಳಕ್ಕೆ ಮಣ್ಣು ತುಂಬಿಸಿಯೋ ಇಂಟರ್‌ಲಾಕ್ ಹಾಕಿಸಿಯೋ ಮನೆಯೊಳಗಿನ ನೆಲದ ಮಟ್ಟಕ್ಕೆ ಎತ್ತರಿಸಿದರೆ ಅಂಗಳದ ನೀರು ನೇರ ಗೋಡೆಗೇ ಸೇರುತ್ತದೆ. ಹೊರಗೆ ಸಿಮೆಂಟ್ ಗಾರೆ ಇದ್ದರೆ ಒಳಸೇರಿದ ತೇವ ಆರಿಹೋಗಲು ದಾರಿಯಿಲ್ಲ. ಇದಕ್ಕೆ ವಾಟರ್‌ಪ್ರೂಫ್ ಪೈಂಟ್ ಮದ್ದಲ್ಲ, ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಅಂಗಳ ತಗ್ಗಿಸಿ, ಸೂರಿನ ನೀರಿಗೆ ಚರಂಡಿ ಮಾಡಿ. ಖರ್ಚೂ ಕಡಿಮೆ.

ಬಿರುಕುಗಳಲ್ಲಿ ಗಾರೆಯ ಕೂದಲೆಳೆಯ ಗೆರೆಗಳನ್ನು ಬಿಟ್ಟುಬಿಡಿ. ಕಲ್ಲಿನ ಸಂದು ಹಿಡಿದು ಮೆಟ್ಟಿಲಿನ ಹಾಗೆ ಓರೆಯಾಗಿ ಹೋಗುವ, 5 ಮಿ.ಮೀ. ಮೀರಿದ ಬಿರುಕು ಪಂಚಾಂಗ (ಅಡಿಪಾಯ) ಕುಸಿದಿರುವ ಸೂಚನೆ. ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು, ಅಗಲ ಬರೆದಿಡಿ. ಮಳೆಗಾಲ ಕಳೆದು ಗೆರೆ ದಾಟಿದ್ದರೆ ಎಂಜಿನಿಯರ್ ನೋಡಲೇಬೇಕು.

ನಮ್ಮಲ್ಲಿ ಮನೆ ಪರೀಕ್ಷಕರೆಂಬ ಪ್ರತ್ಯೇಕ ಲೈಸೆನ್ಸ್ ಇಲ್ಲ. ಹಂಚಿನ ಮನೆ ಗೊತ್ತಿರುವ ಸಿವಿಲ್ ಎಂಜಿನಿಯರರನ್ನು ಕರೆಸಿ, ಫೋಟೋ ಸಹಿತ ಬರಹದ ವರದಿ ಕೇಳಿ. ರಿಪೇರಿ ಕೆಲಸ ಹಿಡಿಯುವವರಿಂದಲೇ ಪರೀಕ್ಷೆ ಮಾಡಿಸಬೇಡಿ.

ಪ್ರಶ್ನೆ: ತಾರಸಿ ಸೋರುತ್ತಿತ್ತು, ಮೇಲೆ ಶೀಟ್ ಹಾಕಿಸಿದ್ದೇವೆ. ಈಗ ಸೋರುವುದಿಲ್ಲ. ಕೊಳ್ಳುವವರಿಗೆ ಹಳೆಯ ಸೋರಿಕೆ ಹೇಳಬೇಕೇ?
– ಕುಂಬಳೆಯ ಓದುಗರು

ಉತ್ತರ: ಹೇಳಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ತಿಳಿಸುವುದು ಮಾರುವವನ ಹೊಣೆ.

ಹೇಳುವ ಮೊದಲು ನಿಮಗೇ ಗೊತ್ತಾಗಲಿ. ಸ್ಲ್ಯಾಬಿನ ಕೆಳಮೈಯನ್ನು ಸಣ್ಣ ಸುತ್ತಿಗೆಯಿಂದ ಒಂದೊಂದು ಅಡಿಗೆ ಮೆಲ್ಲನೆ ತಟ್ಟುತ್ತಾ ಹೋಗಿ. ಗಟ್ಟಿ ಕಾಂಕ್ರೀಟ್ ಟಣ್ಣೆನ್ನುತ್ತದೆ, ಟೊಳ್ಳಾದದ್ದು ಡಬ್ಬೆನ್ನುತ್ತದೆ. ಡಬ್ಬೆಂದಲ್ಲಿ ಒಳಗಿನ ಕಂಬಿ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಅದಕ್ಕೇ ಕಾಂಕ್ರೀಟ್ ಸಿಡಿದು ಬೀಳುವುದು. ಕಡಲ ಹತ್ತಿರದ ಮನೆಗಳಲ್ಲಿ ಉಪ್ಪಿನ ಗಾಳಿಯಿಂದ ಇದು ಇನ್ನೂ ಬೇಗ. ಮೇಲಿನ ನೀರನ್ನು ಶೀಟ್ ತಡೆಯುತ್ತದೆ, ಒಳಗೆ ಸೇರಿದ ಉಪ್ಪನ್ನು ತೆಗೆಯುವುದಿಲ್ಲ.

ರಿಪೇರಿಯಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ಕಂಡ ತುಕ್ಕಿನ ಮೇಲೆ ಸಿಮೆಂಟ್ ಮೆತ್ತುವುದು. ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು ಕೆತ್ತಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಆಮೇಲೆ ಪಾಲಿಮರ್ ಗಾರೆ ತುಂಬಬೇಕು. ಕಂಬಿ ಕಾಲುಭಾಗದಷ್ಟು ಸವೆದಿದ್ದರೆ ಎಂಜಿನಿಯರನ್ನು ಕೇಳದೆ ಮುಚ್ಚಬೇಡಿ.

ಪ್ರಶ್ನೆ: ಬಾವಿ, ಶೌಚದ ಗುಂಡಿ, ವಯರಿಂಗ್ ಇವನ್ನೂ ನೋಡಿಸಬೇಕೇ?
– ಮಂಜೇಶ್ವರದ ಓದುಗರು

ಉತ್ತರ: ಹೌದು, ಕೊಳ್ಳುವವರು ಮೊದಲು ಕೇಳುವುದೇ ಬಾವಿಯ ನೀರನ್ನು. ಲ್ಯಾಬಿನವರು ಕೊಟ್ಟ ಶುದ್ಧ ಬಾಟಲಿಯಲ್ಲೇ ತುಂಬಿಸಿ ಅದೇ ದಿನ ತಲುಪಿಸಿ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 6.5ರಿಂದ 8.5ರೊಳಗಿರಬೇಕು, ಮುರಕಲ್ಲಿನ ಬಾವಿಗಳಲ್ಲಿ ಇದಕ್ಕಿಂತ ಕೆಳಗಿರುವುದುಂಟು. 100 ಮಿ.ಲೀ. ನೀರಿನಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಕೂಡದು. ಇದ್ದರೆ ಕ್ಲೋರಿನ್ ಹಾಕಿ ಮುಗಿಸಬೇಡಿ, ಶೌಚದ ಗುಂಡಿಗೂ ಬಾವಿಗೂ ಟೇಪ್ ಹಿಡಿಯಿರಿ. ಕೇರಳದ ಕಟ್ಟಡ ನಿಯಮ ಕೇಳುವ ಅಂತರ 7.5 ಮೀಟರ್.

ವಯರಿಂಗಿಗೆ ಲೈಸೆನ್ಸ್ ಇರುವ ವಯರ್‌ಮ್ಯಾನ್ ಬರಲಿ. ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚಾದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ಕರೆಂಟ್ ಹೋಗದಿದ್ದರೆ ಅದನ್ನು ಬದಲಿಸಬೇಕು. ಅರ್ಥಿಂಗ್ ಮಾತ್ರ ಬೇಸಗೆಯಲ್ಲೇ ಅಳೆಯಿಸಿ, ಮಳೆಗಾಲದ ಒದ್ದೆ ಮಣ್ಣಿನಲ್ಲಿ ಕೆಟ್ಟ ಅರ್ಥಿಂಗೂ ಚೆನ್ನಾಗಿದ್ದಂತೆ ತೋರುತ್ತದೆ.