ಸಾಬೂನಿನ ಡಬ್ಬವೂ ಮುಂಬಯಿ ಮಳೆಯೂ
ತಿಂಗಳಿಗೆ ಸಾಬೂನಿನ ಅರವತ್ತು ಆರ್ಡರ್, ಪ್ಲಾಸ್ಟಿಕ್ ಬಿಟ್ಟು ಏನು ಬಳಸಲಿ, ಪ್ಯಾಕಿಂಗ್ ಗೋದಾಮಿನವರಿಗೆ ಕೊಡಲಾ ಅಂತ ಕೇಳಿದ್ದೀರಿ ಅಲ್ವಾ? ಮೊದಲು ಡಬ್ಬದ ಅಳತೆ ನೋಡಿ. ಬಹಳಷ್ಟು ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿಯನ್ನು ಕಿಲೋ ಅಂತ ಹಿಡಿದು, ನಿಜವಾದ ತೂಕಕ್ಕಿಂತ ಅದು ಹೆಚ್ಚಿದ್ದರೆ ಅದಕ್ಕೇ ದುಡ್ಡು. 30×20×15 ಡಬ್ಬದಲ್ಲಿ ಅರ್ಧ ಕಿಲೋ ಸಾಬೂನು ಇಟ್ಟರೂ 1.8 ಕಿಲೋ ಲೆಕ್ಕ! 20×15×10 ಆದರೆ 0.6. ಒಳಗೆ ತುರುಕುವ ಕಾಗದವೂ ಉಳಿಯುತ್ತದೆ.

ಮೂರು ಪದರದ ರಟ್ಟು ಸಾಕು. ಆದರೆ ಜುಲೈ ಮಳೆಯಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅದು ತಂಡಿ ಹಿಡಿದ ಹಪ್ಪಳದ ಹಾಗೆ ಮೆತ್ತಗಾಗಿತ್ತು. ಈಗ ನೆಲ, ಗೋಡೆ ತಾಗದಂತೆ ಇಡುತ್ತೇನೆ.

ಗೊಬ್ಬರವಾಗುವ ಕವರ್‌ಗೆ ಸುಮ್ನೆ ಜಾಸ್ತಿ ಕೊಡಬೇಡಿ. ಐಎಸ್ 17088 (ಗೊಬ್ಬರವಾಗುವ ಪ್ಲಾಸ್ಟಿಕ್‌ನ ಭಾರತೀಯ ಮಾನದಂಡ) ಗುರುತಿದ್ದರೂ ಅದಕ್ಕೆ ದೊಡ್ಡ ಗೊಬ್ಬರ ಘಟಕದ ಬಿಸಿ ಬೇಕು, ಗಿರಾಕಿಯ ಹೂಕುಂಡದಲ್ಲಿ ಆಗುವ ಕೆಲಸವಲ್ಲ.

ಪ್ಯಾಕಿಂಗ್ ಮಾಡಿಕೊಡುವ ಗೋದಾಮು ಇಲ್ಲೇ ಹತ್ತಿರದ ಭಿವಂಡಿಯಲ್ಲಿ ಬೇಕಾದಷ್ಟಿವೆ. ಅರವತ್ತಕ್ಕೆ ಬೇಡ. ಮುಂದೆ ಕೊಡುವಾಗ, ನಮ್ಮದೇ ಡಬ್ಬ ಬಳಸುತ್ತೀರಾ ಅಂತ ಮೊದಲೇ ಕೇಳಿ.