ಓದುಗರ ಪ್ರಶ್ನೆ: ಪ್ಯಾಲೆಸ್ತೀನದ ಹೊಲ, ಲಂಡನ್ನಿನ ಕಾಗದ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಹರವಿಕೊಂಡು ಕುಂತ್ರ ಅರ್ಧಕ್ಕರ್ಧ ಇಸ್ರೇಲ್-ಪ್ಯಾಲೆಸ್ತೀನದ್ದೇ ಅದಾವ್ರಿ. ಮೆಣಸಿನಕಾಯಿ ರೇಟು, ಎಡದಂಡೆ ಕಾಲುವಿ ನೀರು ಕೇಳಿದವ್ರು ಮುಂದಿನ ಸಂಚಿಕೆ ತನಕ ತಡೀರಿ.

ನಮ್ಮ ಚಾದಂಗಡ್ಯಾಗ ದಿನಾ ಇದೇ ವಾದ ಸರ್. ಯಹೂದಿಗಳಿಗೂ ಮುಸ್ಲಿಮ್ರಿಗೂ ಎರಡು ಸಾವಿರ ವರ್ಷದಿಂದ ನಡದಿರೋ ಧರ್ಮಯುದ್ಧ ಇದು, ಮುಗಿಯೋದಲ್ಲ ಅಂತಾರ. ಹೌದಾ?
– ಸಿಂಧನೂರಿನ ಓದುಗರು

ಎರಡು ಸಾವಿರ ವರ್ಷದ ಹಿಂದ ಇಸ್ಲಾಂ ಧರ್ಮನ ಹುಟ್ಟಿರಲಿಲ್ಲ ನೋಡ್ರಿ, ಲೆಕ್ಕ ಅಲ್ಲೇ ತಪ್ಪತೈತಿ. ಜೆರುಸಲೇಮಿನ ಯಹೂದಿ ದೇವಾಲಯ ಕೆಡವಿದವ್ರು ರೋಮನ್ನರು, ಕ್ರಿ.ಶ. 70ರಾಗ. 1492ರಾಗ ಯಹೂದಿಗಳನ್ನ ಸ್ಪೇನಿನಿಂದ ಓಡಿಸಿದವ್ರು ಕ್ರೈಸ್ತ ರಾಜರು, ಆಗ ಅವ್ರಿಗೆ ಜಾಗ ಕೊಟ್ಟವ್ರೊಳಗ ತುರ್ಕಿಯ ಆಟೊಮನ್ ಸುಲ್ತಾನ್ರೂ ಇದ್ರು. 1517ರಿಂದ ಹತ್ತಹತ್ತಿರ 400 ವರ್ಷ ಪ್ಯಾಲೆಸ್ತೀನ ಅದೇ ಆಟೊಮನ್ ಕೈಯಾಗಿತ್ತು, ಜೆರುಸಲೇಮ್, ಹೆಬ್ರಾನ್, ಸಫೇದ್, ತಿಬೇರಿಯಸ್ ಊರುಗಳಾಗ ಯಹೂದಿಗಳು ಸಣ್ಣ ಪ್ರಮಾಣದಾಗ ಇದ್ದೇ ಇದ್ರು. ಸರಿಸಮಾನ ಇದ್ರು ಅಂತ ನಾ ಹೇಳಂಗಿಲ್ಲ, ಇರಲಿಲ್ಲ. ಆದ್ರ ಈಗಿನಂಥ ಯುದ್ಧ ಇರಲಿಲ್ಲ.

ಈ ಜಗಳದ ವಯಸ್ಸು ಹೆಚ್ಚುಕಡಿಮೆ 140 ವರ್ಷ. ಶುರುವಾಗಿದ್ದು ಪ್ಯಾಲೆಸ್ತೀನದಾಗೂ ಅಲ್ಲ, ರಷ್ಯಾದಾಗ. 1881ರಾಗ ಝಾರ್ ಎರಡನೇ ಅಲೆಕ್ಸಾಂಡರನ ಕೊಲೆ ಆತು, ಸಿಟ್ಟೆಲ್ಲಾ ಯಹೂದಿಗಳ ಮ್ಯಾಲೆ ತಿರುಗಿ ಊರೂರಿಗೆ ಅವ್ರ ಮನಿ ಅಂಗಡಿ ಸುಟ್ರು, ಜೀವ ಉಳಿಸ್ಕೊಂಡು ಓಡಿದವ್ರಲ್ಲಿ ಬಹಳ ಮಂದಿ ಅಮೆರಿಕಾಕ್ಕ ಹೋದ್ರು, ಸ್ವಲ್ಪ ಮಂದಿ ಮಾತ್ರ 1882ರಿಂದ ಪ್ಯಾಲೆಸ್ತೀನಕ್ಕ ಬಂದ್ರು. ಆಮ್ಯಾಲೆ ವಿಯೆನ್ನಾದ ಪತ್ರಕರ್ತ ಥಿಯೊಡೋರ್ ಹರ್ಝಲ್, ಯುರೋಪಿನ್ಯಾಗ ನಾವು ಎಷ್ಟು ಬೆರೆತ್ರೂ ಇವ್ರು ನಮ್ಮನ್ನ ಬಾಳಿಸಂಗಿಲ್ಲ, ನಮಗ ನಮ್ಮದೇ ಒಂದು ರಾಜ್ಯ ಬೇಕು ಅಂತ 1896ರಾಗ ಪುಸ್ತಕ ಬರದ, ಮರುವರ್ಷ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ್ಯಾಗ ಯಹೂದಿಗಳಿಗೆ ಸ್ವಂತ ನಾಡು ಬೇಕು ಅನ್ನೋ ಚಳವಳಿಯ, ಅಂದ್ರ ಜಿಯೋನಿಸ್ಟರ ಮೊದಲ ಸಮ್ಮೇಳನ ನಡೀತು. ಅವ್ರ ಭಯ ಖರೇನ ಇತ್ತು, ಮುಂದ ಹಿಟ್ಲರ್ ಏನು ಮಾಡಿದ ಅಂತ ನಿಮಗ ಗೊತ್ತು. ಆ ನೆಲದ ಜೋಡಿ ಅವ್ರ ನಂಟೂ ಖರೇನ, ಶತಮಾನಗಟ್ಟಲೆ ಜೆರುಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥನಾ ಮಾಡ್ಕೋತ ಬಂದವ್ರು. ತೊಡಕು ಏನಂದ್ರ ಆ ನೆಲ ಖಾಲಿ ಇರಲಿಲ್ಲ. 1899ರಾಗ ಜೆರುಸಲೇಮಿನ ಹಿರಿಯ ಯೂಸುಫ್ ಜಿಯಾ ಅಲ್-ಖಾಲಿದಿ ಹರ್ಝಲ್‌ಗೆ ತಲುಪಂಗ ಒಂದು ಕಾಗದ ಬರದ್ರು. ನಿಮ್ಮ ವಿಚಾರದಾಗ ನ್ಯಾಯ ಐತಿ, ಆದ್ರ ಇಲ್ಲಿ ಬ್ಯಾರೆ ಮಂದಿ ವಾಸ ಮಾಡ್ತಾರ, ದೇವರಾಣಿ ಪ್ಯಾಲೆಸ್ತೀನ ಬಿಟ್ಟುಬಿಡ್ರಿ ಅನ್ನೋದು ಅದರ ಸಾರ. ಮೊದಲ ಗುಂಡು ಹಾರೋಕಿಂತ ಎಷ್ಟೋ ಮೊದ್ಲೇ ಇಡೀ ಸಮಸ್ಯಾ ಒಂದು ಕಾಗದದಾಗ ಬಂದಿತ್ತು ನೋಡ್ರಿ.

ಯಹೂದಿಗಳು ರೊಕ್ಕ ಕೊಟ್ಟು ಜಮೀನು ಖರೀದಿ ಮಾಡ್ಯಾರ, ಕಸಗೊಂಡಿಲ್ಲ ಅಂತ ಓದಿದ್ದೆ. ಖರೀದಿ ಮಾಡಿದ ಹೊಲಕ್ಕ ಜಗಳ ಯಾಕ?
– ಗಂಗಾವತಿಯ ರೈತರೊಬ್ಬರು

ಅಣ್ಣಾವ್ರ, ಈ ಸಲದ ಅತೀ ಮುಖ್ಯ ಪ್ರಶ್ನಿ ನಿಮ್ದೇ. 1948ಕ್ಕಿಂತ ಮುಂಚೆ ಖರೀದಿ ಆಗಿದ್ದು ನಿಜ, ಕಾನೂನುಬದ್ಧ ಖರೀದಿನ. ಆದ್ರ ಮಾರಿದವ್ರು ಯಾರು ಅಂತ ಕೇಳ್ರಿ.

1858ರಾಗ ಆಟೊಮನ್ ಸರ್ಕಾರ ಹೊಸ ಭೂಕಾಯ್ದೆ ತಂತು, ಪ್ರತಿ ಹೊಲಕ್ಕೂ ಹೆಸರು ಬರೆಸ್ರಿ ಅಂತು. ಅಲ್ಲಿ ಎಷ್ಟೋ ಹಳ್ಳ್ಯಾಗ ಹೊಲ ಊರಿಗೆಲ್ಲಾ ಕೂಡೇ ಇರ್ತಿತ್ತು, ಕೆಲವು ವರ್ಷಕ್ಕೊಮ್ಮೆ ಪಾಲು ಬದಲಾಯಿಸ್ಕೊಂಡು ಉಳೋರು. ಹೆಸರು ಬರೆಸಿದ್ರ ಕಂದಾಯ ಬೀಳತೈತಿ, ಮಗನ್ನ ಸೈನ್ಯಕ್ಕ ಎಳಕೊಂಡು ಹೋಗ್ತಾರ ಅಂತ ಹೆದರಿ ರೈತರು ದೂರ ಉಳದ್ರು, ಬಹಳ ಕಡೆ ಊರಿನ ದೊಡ್ಡಮಂದಿ ತಮ್ಮ ಹೆಸರಿಗೆ ಬರೆಸ್ಕೊಂಡ್ರು. ಇನ್ನೊಂದಿಷ್ಟು ಜಮೀನು ಸರ್ಕಾರನ ಪ್ಯಾಟಿ ಸಾಹುಕಾರ್ರಿಗೆ ಮಾರ್ತು. ಬೈರೂತ್‌ನ ಸುರ್ಸುಕ್ ಅನ್ನೋ ವ್ಯಾಪಾರಿ ಮನೆತನ 1870ರ ದಶಕದಾಗ ಹಿಂಗ ಮರ್ಜ್ ಇಬ್ನ್ ಆಮಿರ್ ಬಯಲಿನ ದೊಡ್ಡ ಭಾಗ ತಗೊಂತು, ಈಗ ಇಸ್ರೇಲಿನವ್ರು ಜೆಝ್ರೀಲ್ ಕಣಿವೆ ಅಂತಾರಲ್ಲ, ಅದು. ಭಾಳ ಫಲವತ್ತಾದ ನೆಲ.

ಖಾತಾದಾಗ ಸಾಹುಕಾರನ ಹೆಸರು, ಹೊಲದಾಗ ರೈತ. ಇದು ನಮಗೇನು ಹೊಸದಲ್ಲ ಬಿಡ್ರಿ, ನಿಜಾಮನ ಕಾಲದ ಜಾಗೀರಿನ್ಯಾಗ ನಮ್ಮ ಅಜ್ಜಂದ್ರು ಹಂಗೇ ದುಡದವ್ರು, ಧಣಿ ಬದಲಾದ್ರೂ ಕೌಲು ಮಾಡೋನು ಅಲ್ಲೇ ಇರ್ತಿದ್ದ, ಪಾಲು ಯಾರಿಗೆ ಅಳದು ಕೊಡಬೇಕು ಅನ್ನೋದಷ್ಟ ಬದಲಾಗ್ತಿತ್ತು, ಕಡಿಗೆ 1974ರ ಭೂಸುಧಾರಣಾ ಕಾಯ್ದೆ ಬಂದು ಎಷ್ಟೋ ಮಂದಿಗೆ ಉಳೋ ಹೊಲ ಸಿಕ್ತು. ಪ್ಯಾಲೆಸ್ತೀನದ ರೈತನೂ ಧಣಿ ಬದಲಾದ್ರ ಏನಾತು, ನಾ ಇಲ್ಲೇ ಇರ್ತೀನಿ ಅಂತ ತಿಳಕೊಂಡಿದ್ದ. ಆದ್ರ ಜಮೀನು ಕೊಳ್ಳೋಕಂತ 1901ರಾಗ ಹುಟ್ಟಿದ ಯಹೂದಿ ರಾಷ್ಟ್ರೀಯ ನಿಧಿಯ ನಿಯಮ ಬ್ಯಾರೆ ಇತ್ತು: ಒಮ್ಮೆ ಕೊಂಡ ಜಮೀನು ತಿರುಗಿ ಮಾರಂಗಿಲ್ಲ, ಅದರ ಮ್ಯಾಲೆ ಯಹೂದಿಗಳೇ ದುಡೀಬೇಕು. ಅವ್ರ ದೃಷ್ಟಿಯಿಂದ ಅದು ಆದರ್ಶ, ಕೂಲಿಯವರನ್ನ ಹಚ್ಚಿ ದುಡಿಸೋ ಧಣಿಗಳು ನಾವಾಗಬಾರದು, ನಮ್ಮ ಕೈಯಿಂದ್ಲೇ ಮಣ್ಣು ಮುಟ್ಟಬೇಕು ಅನ್ನೋ ಸಮಾಜವಾದಿ ಹುಡುಗ್ರು ಅವ್ರು, ಕಿಬುತ್ಸ್ ಅನ್ನೋ ಸಾಮೂಹಿಕ ಹಳ್ಳಿ ಕಟ್ಟಿದ್ದೂ ಅವ್ರೇ. ಆದ್ರ ಅದೇ ಆದರ್ಶದ ಇನ್ನೊಂದು ಬದಿಗೆ ತಲೆತಲಾಂತರದಿಂದ ಉಳುಮಿ ಮಾಡಿದವ ಗಂಟುಮೂಟಿ ಕಟ್ಟಬೇಕಾತು. 1920ರ ದಶಕದಾಗ ಸುರ್ಸುಕ್ ಮನೆತನ ಆ ಬಯಲಿನ ಹಳ್ಳಿಗಳನ್ನ ಮಾರಿದಾಗ ಸಾವಿರಾರು ಗೇಣಿದಾರರು ಜಾಗ ಬಿಟ್ರು. ರೊಕ್ಕ ಬೈರೂತಿಗೆ ಹೋತು, ಹಳ್ಳಿ ಮಂದಿ ಹೈಫಾದ ತಗಡಿನ ಗುಡಿಸಲಿಗೆ ಕೂಲಿಗೆ ಹೋದ್ರು.

ಇದರ ವಿರುದ್ಧ ಮೊದ್ಲು ದನಿ ಎತ್ತಿದವ್ರೊಳಗ ಅರಬ್ ಕ್ರೈಸ್ತರು ಭಾಳ ಇದ್ರು. ಹೈಫಾದ ಅಲ್-ಕರ್ಮಿಲ್ ಪತ್ರಿಕೆ 1908ರಾಗ, ಜಾಫಾದ ಫಲಸ್ತೀನ್ ಪತ್ರಿಕೆ 1911ರಾಗ, ಎರಡೂ ನಡೆಸ್ತಿದ್ದವ್ರು ಕ್ರೈಸ್ತರೇ. ಬರೇ ಧರ್ಮದ ಜಗಳ ಆಗಿದ್ರ ಅವ್ರಿಗೇನಿತ್ತು ಇಲ್ಲಿ ಕೆಲಸ? ಚಾದಂಗಡಿ ಗೆಳೆಯರಿಗೆ ಇದನ್ನೂ ಹೇಳ್ರಿ. ಹಂಗಂತ ಎಲ್ಲಾ ಜಮೀನು ಹಿಂಗ ಹೋತು ಅನ್ಕೋಬ್ಯಾಡ್ರಿ, 1947ರ ಹೊತ್ತಿಗೆ ಯಹೂದಿಗಳು ಖರೀದಿ ಮಾಡಿದ್ದು ಇಡೀ ಪ್ಯಾಲೆಸ್ತೀನದ ನೆಲದಾಗ ನೂರಕ್ಕ 6-7 ಪಾಲಿನಷ್ಟು ಮಾತ್ರ. ಉಳಿದಿದ್ದು ಯುದ್ಧದಾಗ ಬಂದಿದ್ದು.

ಬಾಲ್ಫರ್ ಘೋಷಣೆ ಅಂದ್ರ ಏನು ಸರ್? ಎಕ್ಸಾಮಿಗೆ ಕೇಳ್ತಾರ.
– ಕೊಪ್ಪಳದ ಪದವಿ ವಿದ್ಯಾರ್ಥಿನಿ

ಎಕ್ಸಾಮಿಗೆ ಇಷ್ಟ ಸಾಕವ್ವಾ: 1917ರ ನವೆಂಬರ್ 2ರಂದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆರ್ಥರ್ ಬಾಲ್ಫರ್, ಅಲ್ಲಿನ ಯಹೂದಿಗಳ ಮುಖಂಡ ಲಾರ್ಡ್ ರಾತ್ಸ್‌ಚೈಲ್ಡ್‌ಗೆ ಬರೆದ ಪತ್ರ. ಪ್ಯಾಲೆಸ್ತೀನದಾಗ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಕಟ್ಟೋಕ ಬ್ರಿಟನ್ ಬೆಂಬಲ, ಅಲ್ಲಿರೋ ಯಹೂದಿಯೇತರ ಸಮುದಾಯಗಳ ನಾಗರಿಕ, ಧಾರ್ಮಿಕ ಹಕ್ಕಿಗೆ ಧಕ್ಕಿ ಆಗಬಾರದು.

ಎಕ್ಸಾಮಿಗೆ ಬರದೇ ಇರೋದನ್ನ ಈಗ ಹೇಳ್ತೀನಿ. ಆ ‘ಯಹೂದಿಯೇತರ’ ಮಂದಿ ಅವಾಗ ಅಲ್ಲಿ ನೂರಕ್ಕ ಸುಮಾರು 90 ಇದ್ರು, ಪತ್ರದಾಗ ಅರಬ್ಬರು ಅನ್ನೋ ಹೆಸರೇ ಇಲ್ಲ, ಅವ್ರ ರಾಜಕೀಯ ಹಕ್ಕಿನ ಮಾತೂ ಇಲ್ಲ. ಮತ್ತ ಪತ್ರ ಬರದಾಗ ಜೆರುಸಲೇಮ್ ಇನ್ನೂ ತುರ್ಕರ ಕೈಯಾಗೇ ಇತ್ತು, ಬ್ರಿಟಿಷರಿಗೆ ಸಿಕ್ಕಿದ್ದು ಡಿಸೆಂಬರಿನ್ಯಾಗ! ಇನ್ನೂ ಮಜಾ ಅಂದ್ರ ಇದೇ ಬ್ರಿಟಿಷರು ಮೊದಲ ಮಹಾಯುದ್ಧದ ನಡುವ, 1915-16ರಾಗ ಮೆಕ್ಕಾದ ಅರಬ್ ಮುಖಂಡ ಶರೀಫ್ ಹುಸೇನನಿಗೆ ತುರ್ಕರ ವಿರುದ್ಧ ದಂಗೆ ಏಳ್ರಿ, ಸ್ವತಂತ್ರ ಅರಬ್ ರಾಜ್ಯಕ್ಕ ಬೆಂಬಲ ಕೊಡ್ತೀವಿ ಅಂದಿದ್ರು, 1916ರಾಗ ಫ್ರಾನ್ಸಿನ ಜೋಡಿ ಗುಟ್ಟಾಗಿ ಕುಂತು ಅದೇ ಸೀಮೆಗಳನ್ನ ಸೈಕ್ಸ್-ಪಿಕೋ ಒಪ್ಪಂದ ಅಂತ ಹಂಚಿಕೊಂಡಿದ್ರು. ಪ್ಯಾಲೆಸ್ತೀನ ಶರೀಫನ ಮಾತಿನ್ಯಾಗ ಸೇರಿತ್ತೋ ಇಲ್ಲೋ ಅಂತ ಆಮ್ಯಾಲೆ ಭಾಳ ವರ್ಷ ವಾದ ನಡೀತು. ನನ್ನ ಕೇಳಿದ್ರ ವಾದ ಉಳೀಲಿ ಅಂತಲೇ ಹಂಗ ಬರದಿದ್ರು.

ಬಾಲ್ಫರ್ ಪತ್ರಕ್ಕ ಬ್ರಿಟಿಷ್ ಮಂತ್ರಿಮಂಡಲದಾಗ ಜೋರಾಗಿ ಅಡ್ಡ ನಿಂತವ ಆ ಸಂಪುಟದ ಏಕೈಕ ಯಹೂದಿ, ಎಡ್ವಿನ್ ಮಾಂಟೆಗು. ಹೌದು, ನಿಮ್ಮ ಸಿಲಬಸ್ಸಿನ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯ ಮಾಂಟೆಗುನೇ, ಆಗ ಭಾರತದ ಖಾತಿ ಅವನ ಹತ್ರ ಇತ್ತು. ಯಹೂದಿಗಳಿಗೆ ಬ್ಯಾರೆ ದೇಶ ಅಂದುಬಿಟ್ರ ನಾವು ಹುಟ್ಟಿದ ದೇಶದಾಗ ನಮ್ಮನ್ನ ಪರದೇಸಿಗಳು ಅಂತಾರ ಅನ್ನೋದು ಅವನ ಹೆದರಿಕೆ.

ನಮ್ಮ ಕಡೆಯವ್ರು ಅಲ್ಲಿ ಯುದ್ಧ ಮಾಡ್ಯಾರಂತ, ಖರೇನ?
– ಬಳ್ಳಾರಿಯ ನಿವೃತ್ತ ಸೈನಿಕರು

ಖರೇರಿ. 1918ರ ಸೆಪ್ಟೆಂಬರ್ 23ಕ್ಕ ಬ್ರಿಟಿಷರ ಪರವಾಗಿ ತುರ್ಕರಿಂದ ಹೈಫಾ ಗೆದ್ದ ದಾಳಿಯೊಳಗ ಜೋಧಪುರದ ಜೋಡಿ ಮೈಸೂರು ಲ್ಯಾನ್ಸರ್ಸ್ ಇದ್ರು, ಕುದ್ರಿ ಮ್ಯಾಲೆ ಭರ್ಚಿ ಹಿಡಕೊಂಡು ಮಶಿನ್‌ಗನ್ನಿನ ಎದುರಿಗೆ ನುಗ್ಗಿದ್ದು. ಅದೇ ಬ್ರಿಗೇಡಿನ್ಯಾಗ ಹೈದರಾಬಾದ್ ಲ್ಯಾನ್ಸರ್ಸೂ ಇದ್ರು, ರಾಯಚೂರು ಕೊಪ್ಪಳ ಆಗ ನಿಜಾಮನ ಸೀಮೆ. ದೆಹಲಿಯ ತೀನ್ ಮೂರ್ತಿ ಸ್ಮಾರಕ ಅಂದ್ರ ಈ ಮೂರು ಸಂಸ್ಥಾನಗಳ ಸೈನಿಕರದ್ದೇ. ನಿಮ್ಮ ಬಳ್ಳಾರಿಗೂ ಆ ಯುದ್ಧ ಮುಟ್ಟೈತಿ, ಸೆರಿ ಸಿಕ್ಕ ತುರ್ಕಿ ಸೈನಿಕರ ಒಂದು ಕ್ಯಾಂಪ್ ಅಲ್ಲಿತ್ತು.

1947ರಾಗ ವಿಶ್ವಸಂಸ್ಥೆ ಎರಡು ದೇಶ ಮಾಡ್ರಿ ಅಂದಾಗ ಅರಬ್ಬರು ಒಪ್ಪಿದ್ರ ಎಲ್ಲಾ ಮುಗೀತಿತ್ತಲ್ಲ?
– ರಾಯಚೂರಿನ ವಕೀಲರು

ಈಗ ಕುಂತು ನೋಡಿದ್ರ ಹಂಗ ಅನಸ್ತೈತಿ. ಅವ್ರ ಜಾಗದಾಗ ನಿಂತು ನೋಡ್ರಿ. ಯುದ್ಧ ಆದಮ್ಯಾಲೆ ಪ್ಯಾಲೆಸ್ತೀನ ಬ್ರಿಟಿಷರ ಆಳ್ವಿಕಿಗೆ ಬಂತು, 1922ರ ಜನಗಣತಿಯೊಳಗ ಅಲ್ಲಿ ಒಟ್ಟು 7.57 ಲಕ್ಷ ಮಂದಿ, ಅದರಾಗ ಯಹೂದಿಗಳು 84 ಸಾವಿರದ ಹತ್ರ. ಹಿಟ್ಲರ್ 1933ರಾಗ ಬಂದ, ಅಮೆರಿಕಾ 1924ರಾಗಲೇ ಕಾನೂನು ಬಿಗಿ ಮಾಡಿ ಬಾಗಿಲು ಹಾಕ್ಕೊಂಡಿತ್ತು, ಓಡಿ ಬಂದವ್ರಿಗೆ ಹೋಗೋಕ ಬ್ಯಾರೆ ಜಾಗ ಇರಲಿಲ್ಲ, 1935 ಒಂದೇ ವರ್ಷ 60 ಸಾವಿರದಷ್ಟು ಮಂದಿ ಬಂದಿಳದ್ರು. 1929ರಾಗ ಯಹೂದಿಗಳ ಪವಿತ್ರ ಜಾಗ, ಜೆರುಸಲೇಮಿನ ಪಶ್ಚಿಮ ಗೋಡೆ ವಿಚಾರಕ್ಕ ಗಲಭೆ ಎದ್ದು ಹೆಬ್ರಾನಿನ್ಯಾಗ 67 ಯಹೂದಿಗಳನ್ನ ಕೊಂದಿದ್ರು, ಹಳೇ ಕಾಲದಿಂದ ಅಲ್ಲೇ ಇದ್ದ ಮನೆತನಗಳೂ ಅದರಾಗ ಇದ್ವು. 1936ರಾಗ ಅರಬ್ಬರು ಆರು ತಿಂಗಳು ಬಂದ್ ಮಾಡಿದ್ರು, ಆಮ್ಯಾಲೆ ಬಂದೂಕು ಹಿಡದ್ರು, ಬ್ರಿಟಿಷರು 1939ರೊಳಗ ಅದನ್ನ ಎಷ್ಟು ಕ್ರೂರವಾಗಿ ತುಳದ್ರಂದ್ರ ಪ್ಯಾಲೆಸ್ತೀನರ ನಾಯಕರು ಜೈಲು, ಗಡೀಪಾರು ಅಥವಾ ಮಣ್ಣು ಸೇರಿದ್ರು. 1948ರಾಗ ಅವ್ರು ಸೋತಿದ್ದರ ಅರ್ಧ ಕಾರಣ ಅಲ್ಲೇ ಐತಿ ಅಂತೀನಿ ನಾನು. ಅದೇ 1939ರಾಗ ಬ್ರಿಟನ್ ತಿರುಗಿಬಿದ್ದು, ಐದು ವರ್ಷಕ್ಕ 75 ಸಾವಿರ ಯಹೂದಿಗಳಿಗಷ್ಟ ಪ್ರವೇಶ ಅಂತು, ಯಾವಾಗ? ಯುರೋಪಿನ್ಯಾಗ ಅವ್ರ ಕುತ್ತಿಗಿಗೆ ಕತ್ತಿ ಬಂದಾಗ. 60 ಲಕ್ಷ ಮಂದಿ ಸತ್ರು.

ಇಷ್ಟೆಲ್ಲಾ ಆದಮ್ಯಾಲೆ 1947ರ ನವೆಂಬರ್ 29ಕ್ಕ ವಿಶ್ವಸಂಸ್ಥೆ ವಿಭಜನೆಗೆ 33-13 ವೋಟಿನ್ಯಾಗ ಒಪ್ಪಿತು. ಯಹೂದಿಗಳು ಜನಸಂಖ್ಯೆಯ ಮೂರನೇ ಒಂದು ಭಾಗ, ಅವ್ರಿಗೆ ಸುಮಾರು 55 ಪರ್ಸೆಂಟ್ ನೆಲ, ಅದರಾಗ ದೊಡ್ಡ ಪಾಲು ನೆಗೆವ್ ಮರುಭೂಮಿ ಅನ್ನೋದೂ ನಿಜ. ಆ ಯಹೂದಿ ರಾಜ್ಯದೊಳಗೇ ನಾಕು ಲಕ್ಷ ಅರಬ್ಬರು ಉಳೀತಿದ್ರು. ಯುರೋಪಿನ ಪಾಪಕ್ಕ ನಮ್ಮ ಹೊಲ ಯಾಕ ಕೊಡಬೇಕು ಅಂದ್ರು ಅವ್ರು. ನಿರಾಕರಿಸಿದ್ದು ತಂತ್ರದ ಲೆಕ್ಕದಾಗ ಭಾಳ ತುಟ್ಟಿ ಬಿತ್ತು, ಅದು ಬ್ಯಾರೆ ಮಾತು.

ಮರುದಿನದಿಂದಲೇ ಹೊಡೆದಾಟ. 1948ರ ಏಪ್ರಿಲ್ 9ಕ್ಕ ದೇರ್ ಯಾಸೀನ್ ಅನ್ನೋ ಅರಬ್ ಹಳ್ಳ್ಯಾಗ ಯಹೂದಿ ಶಸ್ತ್ರಧಾರಿಗಳು 100ಕ್ಕಿಂತ ಹೆಚ್ಚು ಮಂದಿ ಕೊಂದ್ರು, ನಾಕು ದಿನಕ್ಕ ಅರಬ್ಬರು ಹದಾಸ್ಸಾ ಆಸ್ಪತ್ರಿಗೆ ಹೊಂಟ ವಾಹನಗಳ ಮ್ಯಾಲೆ ಬಿದ್ದು ಡಾಕ್ಟರು ನರ್ಸು ಸೇರಿ 70ಕ್ಕಿಂತ ಹೆಚ್ಚು ಮಂದಿ ಕೊಂದ್ರು. ಮೇ 14ಕ್ಕ ಯಹೂದಿಗಳ ನಾಯಕ ಬೆನ್-ಗುರಿಯನ್ ಇಸ್ರೇಲ್ ಘೋಷಿಸಿದ್ರು, ಮರುದಿನ ಅರಬ್ ದೇಶಗಳ ಸೈನ್ಯ ಬಂತು, 1949ರ ಕದನವಿರಾಮದ ಹೊತ್ತಿಗೆ ಇಸ್ರೇಲ್ ಕೈಯಾಗ 78 ಪರ್ಸೆಂಟ್ ನೆಲ. 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನರು ಕೆಲವರು ಹೆದರಿ, ಕೆಲವರನ್ನ ಬಂದೂಕು ತೋರಿಸಿ ಓಡಿಸಿ, ಮನಿ ಬಿಟ್ರು. ವಾಪಸ್ ಬರೋಕ ಇಸ್ರೇಲ್ ಬಿಡಲಿಲ್ಲ, ಅವ್ರ ಆಸ್ತಿ 1950ರ ಕಾಯ್ದೆ ಪ್ರಕಾರ ‘ಗೈರುಹಾಜರಾದವರ ಆಸ್ತಿ’ ಅಂತ ಸರ್ಕಾರಕ್ಕ ಹೋತು. ಗಾಜಾದ ಬಹುಪಾಲು ಮಂದಿ ಈ ನಿರಾಶ್ರಿತರು, ಅವ್ರ ಮಕ್ಕಳು ಮೊಮ್ಮಕ್ಕಳೇ. ಆಮ್ಯಾಲಿನ ವರ್ಷಗಳಾಗ ಇರಾಕ್, ಯೆಮೆನ್, ಮೊರಾಕ್ಕೊ ಕಡೆಯಿಂದ ಲಕ್ಷಾಂತರ ಯಹೂದಿಗಳೂ ಮನಿ ಕಳಕೊಂಡು ಇಸ್ರೇಲಿಗೆ ಬಂದ್ರು. 1967ರ ಆರು ದಿನದ ಯುದ್ಧದಾಗ ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಮ್ ಇಸ್ರೇಲ್ ಕೈಗೆ ಬಂದ್ವು, ಈಗಿನ ಸುದ್ದಿಯಾಗ ಬರೋ ವಸಾಹತು, ಚೆಕ್‌ಪೋಸ್ಟ್ ಅಲ್ಲಿಂದ ಮುಂದಿನ ಕಥಿ.

ಉದ್ದ ಬ್ಯಾಡ, ಯಾರದು ಸರಿ ಒಂದೇ ಮಾತಿನ್ಯಾಗ ಹೇಳ್ರಿ.
– ಮಾನ್ವಿಯ ಓದುಗರು

ಮ್ಯಾಲಿಂದ ಓದ್ಕೋತ ಬರ್ರಿ.

ಭಾರತ ಆಗ ಯಾರ ಕಡೆ ಇತ್ತು?
– ಕುಷ್ಟಗಿಯ ಶಿಕ್ಷಕಿ

1947ರಾಗ ಪ್ಯಾಲೆಸ್ತೀನದ ಸಲುವಾಗಿ ಕುಂತ ವಿಶ್ವಸಂಸ್ಥೆಯ 11 ದೇಶದ ಸಮಿತಿಯೊಳಗ ನಾವೂ ಇದ್ವಿ ಅಕ್ಕಾರ. ಭಾರತ, ಇರಾನ್, ಯುಗೊಸ್ಲಾವಿಯ ಮೂರೂ ಕೂಡಿ, ಹೋಳು ಮಾಡಬ್ಯಾಡ್ರಿ, ಒಂದೇ ಒಕ್ಕೂಟ ಮಾಡ್ರಿ ಅಂದ್ವು, ಯಾರೂ ಕೇಳಲಿಲ್ಲ. ವಿಭಜನೆ ವಿರುದ್ಧ ವೋಟು ಹಾಕಿದ್ವಿ, ನಮ್ಮದೇ ದೇಶ ಹೋಳಾಗಿ ಮೂರು ತಿಂಗಳು ದಾಟಿತ್ತಷ್ಟ. ನಮ್ಮ ಭಾಗದವ್ರಿಗೆ ಒಂದು ತಾರೀಖು ಹೇಳ್ತೀನಿ, 1948ರ ಸೆಪ್ಟೆಂಬರ್ 17. ನಿಜಾಮ ಶರಣಾದ ದಿನ ಅಂತ ಸಾಲ್ಯಾಗ ಧ್ವಜ ಏರಿಸ್ತೀರಲ್ಲ, ಅದೇ ದಿನ ಜೆರುಸಲೇಮಿನ್ಯಾಗ ವಿಶ್ವಸಂಸ್ಥೆಯ ಸಂಧಾನಕಾರ ಫೋಕ್ ಬರ್ನಡೋಟ್‌ನ ಲೆಹಿ ಅನ್ನೋ ಯಹೂದಿ ಉಗ್ರ ಗುಂಪು ಗುಂಡಿಟ್ಟು ಕೊಂತು, ನಿರಾಶ್ರಿತರನ್ನ ವಾಪಸ್ ಕರಕೋರಿ ಅಂತ ಆತ ಗಟ್ಟಿಯಾಗಿ ಹೇಳ್ತಿದ್ದ. ಎರಡು ವರ್ಷಕ್ಕ, 1950ರ ಸೆಪ್ಟೆಂಬರ್ 17ಕ್ಕನ ಭಾರತ ಇಸ್ರೇಲಿಗೆ ಮಾನ್ಯತಾ ಕೊಡ್ತು. ಪೂರ್ಣ ರಾಜತಾಂತ್ರಿಕ ಸಂಬಂಧ ಶುರುವಾಗಿದ್ದು 1992ರ ಜನವರಿಯಾಗ, ಪ್ಯಾಲೆಸ್ತೀನ ರಾಷ್ಟ್ರಕ್ಕ ಮಾನ್ಯತಾ ಅದಕ್ಕೂ ಮೊದ್ಲು 1988ರಾಗಲೇ ಕೊಟ್ಟಾಗಿತ್ತು.