ಗುತ್ತಿಗೆಯ ಬಂದೂಕಿಗೆ ಹೊಣೆ ಯಾರು?

ಪ್ರಶ್ನೆ: ನನ್ನ ಅಣ್ಣನ ಮಗ ಸೇನೆಯಲ್ಲಿ ಹದಿನೇಳು ವರ್ಷ ದುಡಿದು ಊರಿಗೆ ಮರಳಿದ್ದಾನೆ. ಎಲೆಚುಕ್ಕಿ ರೋಗದಿಂದ ಅಡಿಕೆ ತೋಟದ ಆದಾಯ ಕುಸಿದಿದೆ. ಏಜೆಂಟನೊಬ್ಬ ಇರಾಕಿನಲ್ಲಿ ವಿದೇಶಿ ಭದ್ರತಾ ಕಂಪನಿಯೊಂದರಲ್ಲಿ ಬಂದೂಕು ಹಿಡಿಯುವ ಕಾವಲು ಕೆಲಸ ಕೊಡಿಸುತ್ತೇನೆ, ಅಲ್ಲಿನ ಕಾನೂನು ನಿಮ್ಮನ್ನು ಮುಟ್ಟುವುದಿಲ್ಲ ಎನ್ನುತ್ತಾನೆ. ಅಮಾಯಕರಿಗೆ ಗುಂಡು ತಗುಲಿದರೆ ಹೊಣೆ ಯಾರದು?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಏಜೆಂಟನ ಮಾತು ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಯುದ್ಧದ ನಂತರ ಇರಾಕಿನಲ್ಲಿದ್ದ ಅಮೆರಿಕ ನೇತೃತ್ವದ ಆಡಳಿತವು 2004ರಲ್ಲಿ ಹೊರಡಿಸಿದ 17ನೇ ಆದೇಶವು, ಗುತ್ತಿಗೆಯ ಕೆಲಸದ ಭಾಗವಾಗಿ ನಡೆದ ಕೃತ್ಯಗಳಿಗೆ ವಿದೇಶಿ ಗುತ್ತಿಗೆದಾರರನ್ನು ಇರಾಕಿನ ನ್ಯಾಯಾಲಯಗಳ ಹಿಡಿತದಿಂದ ಹೊರಗಿಟ್ಟಿತ್ತು. ಆ ರಕ್ಷಣೆಯ ನೆರಳಿನಲ್ಲಿ ಏನಾಯಿತೆಂಬುದು ನಿಮಗೆ ತಿಳಿದಿರಬೇಕು. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ವೃತ್ತದಲ್ಲಿ, ಅಮೆರಿಕದ ವಿದೇಶಾಂಗ ಇಲಾಖೆಗೆ ಕಾವಲು ಒದಗಿಸುತ್ತಿದ್ದ ಬ್ಲ್ಯಾಕ್‌ವಾಟರ್ ಕಂಪನಿಯ ಕಾವಲುಗಾರರ ಗುಂಡಿಗೆ 17 ಮಂದಿ ನಾಗರಿಕರು ಬಲಿಯಾದರು. ಅವರಲ್ಲಿ ಒಂಬತ್ತು ವರ್ಷದ ಬಾಲಕನೂ ಇದ್ದ. ಅಮೆರಿಕದ ನ್ಯಾಯಾಲಯವೊಂದು ನಾಲ್ವರನ್ನು ತಪ್ಪಿತಸ್ಥರೆಂದು ಹೇಳುವಷ್ಟರಲ್ಲಿ 2014 ಬಂದಿತ್ತು. 2020ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಆ ನಾಲ್ವರಿಗೂ ಕ್ಷಮಾದಾನ ನೀಡಿದರು. ಮಗುವನ್ನು ಕಳೆದುಕೊಂಡ ಮನೆಯವರಿಗೆ ಇದನ್ನು ಯಾವ ಬಾಯಿಂದ ಹೇಳುವುದು? ಆ ಹತ್ಯೆಗಳಿಗಾಗಿ ಕಟಕಟೆಯಲ್ಲಿ ನಿಂತವರು ಕಾವಲುಗಾರರೇ ಹೊರತು ಕಂಪನಿಯಲ್ಲ ಎಂಬುದನ್ನು ನಿಮ್ಮ ಹುಡುಗ ಮೊದಲು ಗಮನಿಸಬೇಕು.

ಕಂಪನಿಯನ್ನು ಹಿಡಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಇನ್ನೊಂದು ಪ್ರಕರಣವಿದೆ. ಇರಾಕಿನಲ್ಲಿ ಅಮೆರಿಕದ ಸೇನೆಯ ವಶದಲ್ಲಿದ್ದ ಅಬು ಘ್ರೈಬ್ ಸೆರೆಮನೆಗೆ ವಿಚಾರಣಾಧಿಕಾರಿಗಳನ್ನು ಒದಗಿಸಿದ್ದ ಅಮೆರಿಕದ ಸಿಎಸಿಐ ಕಂಪನಿಯ ವಿರುದ್ಧ ಚಿತ್ರಹಿಂಸೆಗೊಳಗಾದ ಇರಾಕಿಗರು 2008ರಲ್ಲಿ ಹೂಡಿದ ದಾವೆಯಲ್ಲಿ, ಮೂವರಿಗೆ 4.2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿದ್ದು 2024ರ ನವೆಂಬರಿನಲ್ಲಿ, ಅಂದರೆ ಹದಿನಾರು ವರ್ಷಗಳ ನಂತರ.

ಈಗ ಏಜೆಂಟನ ಮಾತಿಗೆ ಬರೋಣ. ಅಮೆರಿಕದೊಂದಿಗಿನ ಒಪ್ಪಂದದಂತೆ 2009ರ ಜನವರಿ 1ರಿಂದ ಅಮೆರಿಕದ ಗುತ್ತಿಗೆದಾರರ ಮೇಲೆ ಇರಾಕಿನ ನ್ಯಾಯಾಲಯಗಳಿಗೇ ಮೊದಲ ಅಧಿಕಾರ ಬಂದಿತು. ನಮ್ಮ ಕಾನೂನೂ ನಿಮ್ಮ ಹುಡುಗನ ಬೆನ್ನ ಹಿಂದೆಯೇ ಹೋಗುತ್ತದೆ: ಭಾರತದ ಪ್ರಜೆ ವಿದೇಶದಲ್ಲಿ ಮಾಡಿದ ಅಪರಾಧಕ್ಕೂ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಕೇಂದ್ರ ಸರ್ಕಾರದ ಅನುಮತಿ ದೊರೆತರೆ ಇಲ್ಲಿಯೇ ವಿಚಾರಣೆ ನಡೆಯಬಹುದು. 'ಮೇಲಿನವರು ಹೇಳಿದರು' ಎಂಬ ಮಾತು ಅಲ್ಲಿ ಅವನನ್ನು ಉಳಿಸುವುದಿಲ್ಲ.

ಸ್ವಿಟ್ಜರ್ಲೆಂಡ್ ಸರ್ಕಾರ ಮತ್ತು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಸೇರಿ 2008ರಲ್ಲಿ ರೂಪಿಸಿದ ಮಾಂಟ್ರೊ ದಾಖಲೆಯು, ಕಾವಲನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರಗಳ ಹೊಣೆ ಕಳಚುವುದಿಲ್ಲ ಎಂದು ಸ್ಪಷ್ಟಪಡಿಸಿದೆ. ಆದರೆ ಅದು ಯಾರನ್ನೂ ಶಿಕ್ಷಿಸುವ ಕಾನೂನಲ್ಲ. ಖಾಸಗಿ ಭದ್ರತಾ ಕಂಪನಿಗಳಿಗಾಗಿ ಇರುವ 2010ರ ಅಂತರರಾಷ್ಟ್ರೀಯ ನೀತಿಸಂಹಿತೆಯನ್ನು ಒಪ್ಪಿದ ಕಂಪನಿಗಳ ಮೇಲೆ ಜಿನೀವಾದ ಐಕೋಕಾ (ICoCA) ಎಂಬ ಸಂಘ ನಿಗಾ ಇಡುತ್ತದೆ. ಕಂಪನಿಯ ಹೆಸರು ಆ ಸಂಘದ ಸದಸ್ಯರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಏಜೆಂಟನ ನೋಂದಣಿಯನ್ನು ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸಿ. ಕರಾರುಪತ್ರದಲ್ಲಿ ಬಲಪ್ರಯೋಗದ ನಿಯಮವೇನು, ಮೊಕದ್ದಮೆಯಾದರೆ ವಕೀಲರ ವೆಚ್ಚ ಯಾರದು, ವ್ಯಾಜ್ಯ ಯಾವ ದೇಶದ ನ್ಯಾಯಾಲಯದಲ್ಲಿ ನಡೆಯಬೇಕು ಎಂಬುದನ್ನು ಬರೆದು ಕೊಡಲು ಹೇಳಿ. ಹೋಗಿ ತಲುಪಿದ ಮೇಲೆ ಕರಾರು ಕೊಡುತ್ತೇವೆ ಎಂದರೆ ಕಳುಹಿಸಬೇಡಿ. ರಷ್ಯಾದಲ್ಲಿ ಸಹಾಯಕನ ಕೆಲಸ ಎಂದು ನಂಬಿ ಹೋದ ಕಲಬುರಗಿ ಕಡೆಯ ಯುವಕರು ಯುದ್ಧಭೂಮಿಯ ಅಂಚಿಗೆ ತಲುಪಿದ್ದನ್ನು ನಾವು ಮರೆಯಬಾರದು.

ಪ್ರಶ್ನೆ: ಇಂಥ ಕಾವಲುಗಾರರನ್ನು ಕೂಲಿ ಸೈನಿಕರು ಎನ್ನಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಸಾಮಾನ್ಯವಾಗಿ ಇಲ್ಲ. ಜಿನೀವಾ ಒಪ್ಪಂದಗಳ 1977ರ ಮೊದಲ ಪೂರಕ ಒಡಂಬಡಿಕೆಯ 47ನೇ ವಿಧಿಯು ಕೂಲಿ ಸೈನಿಕನಿಗೆ ಆರು ಲಕ್ಷಣಗಳನ್ನು ಹೇಳುತ್ತದೆ, ಆರೂ ಒಟ್ಟಿಗೇ ಇರಬೇಕು. ಹಣಕ್ಕಾಗಿ ನೇಮಕವಾಗಿದ್ದರೂ ಕಾಳಗದಲ್ಲಿ ನೇರವಾಗಿ ಪಾಲ್ಗೊಳ್ಳದ ಕಾವಲುಗಾರ ಆ ವ್ಯಾಖ್ಯೆಗೆ ಸಿಗುವುದಿಲ್ಲ, ನಾಗರಿಕನಾಗಿಯೇ ಉಳಿಯುತ್ತಾನೆ. ಹಾಗಾಗಿಯೇ ಅವನು ಕೊಂದರೆ ಸೈನಿಕನಿಗಿರುವ ಯುದ್ಧದ ರಕ್ಷಣೆ ಅವನಿಗೆ ದೊರೆಯದೆ, ಸಾಮಾನ್ಯ ಕೊಲೆಯ ಕಾನೂನೇ ಅವನಿಗೆ ಎದುರಾಗಬಹುದು.